ಟೀ ತೊರೆದ ಮೇಷ್ಟ್ರ ಮೊಟ್ಟೆಕಾಳಗ

ಯಾವ ಯುಗದಲ್ಲಿ ಮಕ್ಕಳು ಮಗ್ಗಿಯನ್ನು ಮರೆತೂ ನಿಶ್ಚಿಂತೆಯಿಂದ ನಿದ್ರಿಸುವರೋ, ಯಾವ ಯುಗದಲ್ಲಿ ತರಬೇತಿ ಮುಗಿಸಿ ಬಂದ ಮೇಷ್ಟ್ರುಗಳು 'ಮುಟ್ಟಿ ಕಲಿ, ಮಾಡಿ ಕಲಿ' ಎಂಬ ಮಹಾಮಂತ್ರವನ್ನು ಜಪಿಸುವರೋ, ಅಂಥ ಯುಗದಲ್ಲಿ, ಮಂಡ್ಯ ಸೀಮೆಯ ಒಂದು ಪ್ರಾಥಮಿಕ ಶಾಲೆಯಲ್ಲಿ, ಸೀಮೆಸುಣ್ಣಧೂಳಿಧೂಸರಿತಶಿರಸ್ಕರೂ ಭಿನ್ನರಾಶಿಭಂಜನಭಯಂಕರರೂ ಆದ ಬೋರಲಿಂಗೇಗೌಡ ಮೇಷ್ಟ್ರು ಭೀಷಣ ಪ್ರತಿಜ್ಞೆಯೊಂದನ್ನು ಮಾಡಿಬಿಟ್ಟರು: "ಕಾಲು ಅರ್ಧಕ್ಕಿಂತ ಚಿಕ್ಕದೆಂದು ನಾಲ್ಕನೇ ಕ್ಲಾಸಿನ ಸಿಂಚನ ಬಾಯಾರೆ ನುಡಿಯುವ ತನಕ ನಾನು ಟೀ ಮುಟ್ಟೆ!"

ಇದಾಗಿ ಹನ್ನೊಂದು ದಿನ. ತಲೆ ಸಿಡಿಯುತ್ತಿತ್ತು. ಅಯ್ಯೋ, ಆ ಆವೇಶದಲ್ಲಿ ಹಾಗಲಕಾಯಿ ಬಿಡುತ್ತೇನೆಂದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತಮ್ಮನ್ನು ತಾವೇ ಬೈದುಕೊಂಡರು. ಅಚಲನಿಶ್ಚಯೆಯಾದ ಸಿಂಚನಳದು ಮಾತ್ರ ಒಂದೇ ಹಟ: "ಎರಡ್ಕಿಂತ ನಾಕು ದೊಡ್ದು ಸಾ. ಅದ್ಕೇ ನಾಕ್ರಲ್ ಒಂದೇ ದೊಡ್ದು."

ಹನ್ನೆರಡನೆಯ ದಿನ ಮೇಷ್ಟ್ರು ದಿವ್ಯಾಸ್ತ್ರಗಳೊಡನೆ ಬಂದರು: ಬೇಯಿಸಿ ಸುಲಿದ ಒಂದು ಕೋಳಿಮೊಟ್ಟೆ, ಒಂದು ಗೇಣು ಹೊಲಿಗೆ ದಾರ.

"ಎಲೈ ನಾಲ್ಕನೇ ತರಗತಿಯ ವೀರಾಗ್ರಣಿಗಳಿರಾ! ಈ ಶುಭ್ರಧವಳಪೂರ್ಣಾಂಕವನ್ನು ನಿಮ್ಮ ಕಣ್ಣೆದುರೇ ಸೀಳಿ, ಅರ್ಧವನ್ನೂ ಕಾಲನ್ನೂ ನಿಮ್ಮ ಅಂಗೈಯಲ್ಲಿ ಇಡದಿದ್ದರೆ ನಾನು ಬೋರಲಿಂಗೇಗೌಡನೇ ಅಲ್ಲ! ಸಿಂಚನ, ನಿನಗೆ ಅರ್ಧ ಬೇಕೋ, ಕಾಲೋ?"

"ಕಾಲು ಸಾ! ದೊಡ್ದು ನಂಗೇ!"

ದಾರ ಸುತ್ತಿದರು, ಎಳೆದರು. ಅಕಟಾ! ಹಳದಿಯೆಲ್ಲ ಒಂದೇ ಹೋಳಿನಲ್ಲಿ ಉಳಿದು, ಇನ್ನೊಂದು ಬರೀ ಬಿಳಿ ಬಟ್ಟಲಾಯಿತು. ಹಳದಿಯಿದ್ದ ಅರ್ಧ ಸಿಂಚನಳ ಪಕ್ಕದಲ್ಲಿ ಕೂತಿದ್ದ ಪ್ರೀತಮನಿಗೆ ಹೋಯಿತು. ಬಿಳಿಯದನ್ನು ಮತ್ತೆ ಸೀಳಿ, ಒಂದು ಚೂರನ್ನು ಸಿಂಚನಳ ಕೈಗಿಟ್ಟು, ಮೇಷ್ಟ್ರು ಮೀಸೆ ತಿರುವಿದರು. "ಈಗ ಹೇಳವ್ವ, ಯಾವುದು ಚಿಕ್ಕದು?"

ಸಿಂಚನ ಚೂರನ್ನು ನೋಡಿದಳು, ಪ್ರೀತಮನ ಕೈ ನೋಡಿದಳು. "ನೀವ್ ಕುಯ್ದಿದ್ದೇ ಸರಿಯಿಲ್ಲ ಸಾ. ಹಳದಿ ಎಲ್ಲಾ ಅವ್ನಿಗೇ ಹೋಗ್ಯದೆ. ಸಮ ಮಾಡ್ದೆ ಭಾಗ ಅಂದ್ರೆ ಯಾವ್ ನ್ಯಾಯ?"

"ಹೂಂ ಸಾ, ಮೋಸ ಸಾ!" ಎಂದು ಸೈನ್ಯವೆಲ್ಲ ಆ ಪಕ್ಷಕ್ಕೆ ನೆಗೆಯಿತು. ಭಾಗವೆಂದರೆ ಸಮಭಾಗ ಎಂದು ಮೊದಲ ದಿನವೇ ಬರೆಸಿದವರು ಇದೇ ಮೇಷ್ಟ್ರು.

ಊಟದ ಬಿಡುವಿನಲ್ಲಿ ಹತಾಶರಾಗಿ ಅಡುಗೆಕೋಣೆಯ ಕಟ್ಟೆಯ ಮೇಲೆ ಕುಸಿದರು. ಬಿಸಿಯೂಟದ ಚಿಕ್ಕತಾಯಮ್ಮನಿಗೆ ಕರುಳು ಚುರುಕ್ಕೆಂದಿತು. ಗಾಜಿನ ಲೋಟ ಚಾಚಿದರು.

"ಕುಡ್ಕಳಿ ಸಾ. ಅರ್ಧ ಲೋಟ ಟೀಗೆ ಯಾವ ಶಪಥ ಮುರುದ್ಬುಟ್ಟದು?"

ಶುಂಠಿಯ ಘಮ ಮೂಗಿಗೆ ಬಡಿಯಿತು. ಹನ್ನೆರಡು ದಿನದ ವಜ್ರಸಂಕಲ್ಪ ಕರಗಿತು. ಕೈ ತಾನಾಗಿ ಮುಂದೆ ಹೋಯಿತು.

ಅಷ್ಟರಲ್ಲಿ ತಟ್ಟೆ ತೊಳೆಯಲು ಬಂದ, ಬೆಳಗಿನ ಕಾಲುಮೊಟ್ಟೆಯ ಪೆಟ್ಟನ್ನು ಇನ್ನೂ ಮರೆಯದ ಸಿಂಚನ ಲೋಟದೊಳಗೆ ಇಣುಕಿದಳು.

"ಇದ್ಯಾವ ಅರ್ಧ, ಚಿಕ್ಕತಾಯವ್ವ? ಕಾಲು ಇದು! ಅರ್ಧಕ್ಕಿಂತ ಕಮ್ಮಿ ಕೊಟ್ಬುಟ್ಟು ನಮ್ ಮೇಷ್ಟ್ರುನ ಯಾಮಾರುಸ್ತಿದ್ದೀಯಲ್ಲ!"

ದುಂದುಭಿ ಮೊಳಗಲಿಲ್ಲ, ಹೂಮಳೆ ಸುರಿಯಲಿಲ್ಲ. ಮೇಷ್ಟ್ರ ಕಣ್ಣು ಮಾತ್ರ ಖುಷಿಗೆ ಒದ್ದೆಯಾಯಿತು. ಮಹಾತಪಸ್ಸಿನ ಆ ಫಲವನ್ನು ಒಂದೇ ಗುಟುಕಿಗೆ ಹೀರಿ, ಲೋಟವನ್ನು ಮತ್ತೆ ಚಾಚಿದರು. "ಇನ್ನೊಂದು ಚೂರು ಹಾಕವ್ವ."

"ಎಲ್ಲಿಂದ ಹಾಕ್ಲಿ ಸಾ? ಮಿಕ್ಕ ಮುಕ್ಕಾಲ್ನ ಹೆಡ್‌ಮೇಷ್ಟ್ರು ಆಗ್ಲೇ ಕುಡ್ಕಂಡ್ರು."