ಹತ್ತನೆಯ ಸಂಗತಿ

ಪ್ರಕಾಶಕರು ಫೋನಿನಲ್ಲಿ ಕೇಳಿದ್ದು ಸಣ್ಣ ವಿಷಯ. "ಮೇಡಂ, ಈಗಿನೋರು ಪುಸ್ತಕ ನೋಡಿ ಪುಸ್ತಕ ಕೊಳ್ಳಲ್ಲ, ಬರೆದೋರನ್ನ ನೋಡಿ ಕೊಳ್ತಾರೆ. ನಿಮ್ಮ ಬಗ್ಗೆ ಹತ್ತು ತಮಾಷೆ ಸಂಗತಿ ಕಳಿಸಿ, ನಮ್ಮ ಫೇಸ್‌ಬುಕ್ ಪೇಜಲ್ಲಿ ಹಾಕ್ತೀನಿ."

ಒಲೆಯ ಮೇಲಿಟ್ಟ ಹಾಲು ಕಾಯುವಷ್ಟರಲ್ಲಿ ಕಾದಂಬರಿಗಾರ್ತಿ ಒಂಬತ್ತು ಬರೆದಳು. ಹಲ್ಲಿ ಕಂಡರೆ ಮಂಚ ಹತ್ತುತ್ತಾಳೆ. ಹೊಸ ಪುಸ್ತಕದ ವಾಸನೆಗೆ ಸೀನು ಬರುತ್ತದೆ. ಸೈಕಲ್ ಕಲಿಯಲು ಹೋಗಿ ಪೊಲೀಸಪ್ಪನಿಗೇ ಗುದ್ದಿದ್ದಾಳೆ. ಬರೆಯುವುದು ಬಚ್ಚಲುಮನೆಯಲ್ಲಿ, ಬಕೆಟ್ ಬೋರಲು ಹಾಕಿಕೊಂಡು. ಮನೆಯಲ್ಲಿ ಗಟ್ಟಿ ಚಿಲಕ ಇರುವುದು ಆ ಬಾಗಿಲಿಗೊಂದೇ. ಎಲ್ಲವೂ ಅಪ್ಪಟ ನಿಜ. ಹತ್ತನೆಯದಕ್ಕೆ ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಏನೂ ಹೊಳೆಯಲಿಲ್ಲ. ಐವತ್ತು ವರ್ಷ ಬದುಕಿ ಹತ್ತು ಸಂಗತಿಗೂ ಗತಿಯಿಲ್ಲವಲ್ಲ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಹಾಲು ಉಕ್ಕಿತು. ಗಡಿಬಿಡಿಯಲ್ಲಿ ಗೀಚಿ ಕಳಿಸಿದಳು: "ನನ್ನ ಕಾದಂಬರಿಗಳ ಪಾತ್ರಗಳೆಲ್ಲ ನಮ್ಮ ಕಟ್ಟಡದಲ್ಲೇ ವಾಸವಾಗಿವೆ."

ಶುದ್ಧ ಸುಳ್ಳು. ಹನ್ನೆರಡು ವರ್ಷದಿಂದ ಅದೇ ಕಟ್ಟಡದಲ್ಲಿದ್ದರೂ, ಮೆಟ್ಟಿಲ ಮೇಲೆ ಯಾರಾದರೂ ಎದುರಾದರೆ ಗೋಡೆ ನೋಡುತ್ತ ಇಳಿದುಹೋಗುವ ಹೆಂಗಸು ಅವಳು.

ಮರುದಿನ ಬೆಳಿಗ್ಗೆ ಬಕೆಟ್ಟಿನ ಮೇಲೆ ಕೂತಾಗ ಅವಳ ತಲೆಯಲ್ಲಿದ್ದದ್ದು ಒಂದೇ. ಮೂರು ವರ್ಷ ಜೀವ ತೇದು ಬರೆದ ಹೊಸ ಕಾದಂಬರಿಯ ಕೊನೆಯ ಅಧ್ಯಾಯ ಅಂದು ಸಂಜೆ ಐದಕ್ಕೆ ಮುದ್ರಣಾಲಯದಲ್ಲಿರಬೇಕು. ತಪ್ಪಿದರೆ ಅಚ್ಚಿನ ಸರದಿ ಬೇರೆ ಪುಸ್ತಕದ ಪಾಲು; ಅವಳದು ಮುಂದಿನ ವರ್ಷಕ್ಕೆ.

ಮೊದಲ ವಾಕ್ಯಕ್ಕೆ ಚುಕ್ಕೆ ಇಡುವ ಮೊದಲೇ ಅತ್ತೆ ಬಾಗಿಲು ಬಡಿದರು. "ಯಾರೋ ಬಂದಿದಾರೆ ಕಣೇ. ಹೊರಗೆ ಬಾ. ಎಷ್ಟು ದಿನ ಆಯ್ತು ನಮ್ಮನೇಗೆ ಜನ ಬಂದು!"

ಬಂದವರು ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರರು. ಕೈಯಲ್ಲಿ ಅವಳ ಹಿಂದಿನ ಕಾದಂಬರಿ, ಪುಟಪುಟಕ್ಕೂ ಪೆನ್ಸಿಲ್ ಗೆರೆ. "ರಾತ್ರಿ ಫೋನಲ್ಲಿ ನಿನ್ನ ಹತ್ತನೇ ಸಂಗತಿ ಓದಿದೆ. ಎಂಬತ್ತನಾಲ್ಕನೇ ಪುಟ ನೋಡಮ್ಮಾ. ಜಡ್ಜು ಅಂಗಿ ತುದೀಲಿ ಕನ್ನಡಕ ಒರೆಸ್ಕೋತಾನೆ. ನಾನು ಒರೆಸೋದೂ ಹಾಗೇ. ಇಂಥ ಪ್ರಾಮಾಣಿಕ ಮನುಷ್ಯನ್ನ ಇಷ್ಟು ಹತ್ತಿರದಿಂದ ಗಮನಿಸಿದೀಯಲ್ಲ!" ಎನ್ನುತ್ತ ಅವರು ಕಣ್ಣೊರೆಸಿಕೊಂಡರು.

ಆ ಕಣ್ಣೀರು ಒಣಗುವ ಮೊದಲೇ ಎದುರುಮನೆಯ ಹಲ್ಲಿನ ಡಾಕ್ಟರು ಬಂದರು. ಅವರ ಕೈಯಲ್ಲೂ ಅದೇ ಪುಸ್ತಕ, ಅದೇ ಪುಟ. "ಸಾರ್, ಆ ಜಡ್ಜು ನಾನು. ಅವನಿಗೆ ಬಕ್ಕತಲೆ ಅಂತ ಸ್ಪಷ್ಟವಾಗಿ ಬರೆದಿದಾರೆ. ನಿಮಗಿನ್ನೂ ನಾಲ್ಕು ಕೂದಲಿದೆ."

"ಅದು ಪುಸ್ತಕ ಬಂದ ಮೇಲೆ ಎಣ್ಣೆ ಹಚ್ಚಿ ಬೆಳೆಸಿದ್ದು ಕಣ್ರೀ!"

ಜಗಳ ಕೇಳಿ ಕೆಳಗಿನ ಟೈಲರಮ್ಮ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿಬಂದಳು. ನಾಯಕಿ ತಾನೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮೂರನೆಯ ಅಧ್ಯಾಯದಲ್ಲಿ ಗಂಡನ ಕಾಟಕ್ಕೆ ನಾಯಕಿ ಬಾವಿಗೆ ಹಾರುವುದಕ್ಕೆ ಮಾತ್ರ ತಕರಾರು. "ನಾನ್ಯಾಕೆ ಹಾರ್ಲಿ ಅಕ್ಕಾ? ಅವನನ್ನೇ ತಳ್ತಿದ್ದೆ."

ಹನ್ನೆರಡರ ಹೊತ್ತಿಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳ್ಳೆಯ ಪಾತ್ರಗಳಿಗೆಲ್ಲ ಮೂರು ಮೂರು ಜನ ವಾರಸುದಾರರು. ಉಳಿದವನು ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಕದಿಯುವ ಚಾಡಿಕೋರನೊಬ್ಬ; ಅವನನ್ನು ಕೇಳುವವರೇ ಇಲ್ಲ. ಎಲ್ಲರೂ ಒಮ್ಮನಸ್ಸಿನಿಂದ ಅವನು ಕಟ್ಟಡದ ಸಂಘದ ಕಾರ್ಯದರ್ಶಿಯೇ ಎಂದು ತೀರ್ಮಾನಿಸಿದಾಗ, ಬಾಗಿಲಲ್ಲಿ ನಿಂತಿದ್ದವರು ಕಾರ್ಯದರ್ಶಿಯೇ.

ಅವರು ಕೂಗಾಡಲಿಲ್ಲ. ಕೂಗಾಡುವುದು ಅವರ ಪದ್ಧತಿಯಲ್ಲ. ಸಭೆ ಕರೆಯುವುದು ಅವರ ಪದ್ಧತಿ. ಅಲ್ಲೇ ಕರೆದರು. "ಗೋಡೆಗೆ ಒಂದು ಮೊಳೆ ಹೊಡೆಯೋಕೂ ಸಂಘದ ಒಪ್ಪಿಗೆ ಬೇಕು. ಇಲ್ಲಿರೋರ ಮಾನ ಮರ್ಯಾದೆ ಬೀದಿಗೆ ತರೋಕೆ ಬೇಡ್ವಾ? ಹೊಸ ಕಾದಂಬರಿ ಈಗಲೇ ಓದಿ. ಕೈ ಎತ್ತಿ ಒಪ್ಪಿದ್ದು ಮಾತ್ರ ಅಚ್ಚಿಗೆ."

ಪಾರಾಗುವ ದಾರಿಯೇ ಇರಲಿಲ್ಲ. ಅತ್ತೆ ಬೇರೆ ಎಲ್ಲರಿಗೂ ಎರಡನೇ ಸಲ ಕಾಫಿ ಹಂಚುತ್ತಿದ್ದರು. ಕಾದಂಬರಿಗಾರ್ತಿ ಓದತೊಡಗಿದಳು. ಬಹುಮತದಿಂದ ಕುಡುಕ ಕುಡಿತ ಬಿಟ್ಟ. ಹಾದರ ಮಾಡಿದವಳು ಹಾಡು ಹೇಳಿಕೊಡುವ ಟೀಚರಾದಳು. ಕೊಲೆಯಾದವನಿಗೆ ಬರೀ ಜ್ವರ ಬಂದು ವಾಸಿಯಾಯಿತು. ಮೂರು ವರ್ಷದ ಶ್ರಮ ಮೂರು ಗಂಟೆಯಲ್ಲಿ ನೀರಿನಲ್ಲಿ ಹೋಮವಾಗುತ್ತಿದ್ದುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಸಾಕು ಮಾಡ್ರೀ!" ಎಂದು ಕಿರುಚಿದಳು. "ಆ ಹತ್ತನೇದು ಸುಳ್ಳು! ಹಾಲು ಉಕ್ತಾ ಇತ್ತು, ಏನೋ ಗೀಚಿಬಿಟ್ಟೆ. ನಿಮ್ಮಲ್ಲಿ ಒಬ್ರೂ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮನ್ನ ನಾನು ಸರಿಯಾಗಿ ನೋಡೇ ಇಲ್ಲ!"

ಕಳ್ಳರು ಅಂದಿದ್ದರೂ ಅವರಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಹೆಡ್‌ಮಾಸ್ತರರು ಪೆನ್ಸಿಲನ್ನು ಜೇಬಿಗಿಟ್ಟುಕೊಂಡರು. "ಒಂದು ಚಿಕ್ಕ ಪಾತ್ರಕ್ಕೂ ಬರಲಿಲ್ವಾಮ್ಮಾ ನಾವು?" ಎಂದಳು ಟೈಲರಮ್ಮ, ಅಕ್ಕ ಎನ್ನುವುದನ್ನೂ ಬಿಟ್ಟು. ಕಾರ್ಯದರ್ಶಿ ಸಭೆ ಮುಗಿಯಿತೆಂದರು. ಒಬ್ಬೊಬ್ಬರಾಗಿ ಇಳಿದುಹೋದರು. ಕಾದಂಬರಿಗಾರ್ತಿಗೆ ಪಾಪ ಅನ್ನಿಸಿತು; ಆದರೆ ಗಡಿಯಾರದಲ್ಲಿ ಮೂರಾಗಿತ್ತು.

ಚಿಲಕ ಹಾಕಿಕೊಂಡು ದೆವ್ವ ಮೆಟ್ಟಿದವಳಂತೆ ಬರೆದಳು. ಕೊಲೆಯಾದವನನ್ನು ಮತ್ತೆ ಸಾಯಿಸಿದಳು. ನಾಲ್ಕೂ ಮುಕ್ಕಾಲಿಗೆ ಆಟೋದಲ್ಲಿ ಹಾಳೆ ಜೋಡಿಸಿಕೊಳ್ಳುತ್ತ, ಐದಕ್ಕೆ ಐದು ನಿಮಿಷವಿರುವಾಗ ಏದುಸಿರು ಬಿಡುತ್ತ ಮುದ್ರಣಾಲಯದಲ್ಲಿ ನಿಂತಳು.

ಪ್ರಕಾಶಕರು ಎದ್ದು ನಿಂತು ಕೈ ಮುಗಿದರು. "ಅದ್ಭುತ ಮೇಡಂ! ನಿಮ್ಮ ಸಂಘದೋರು ನಾಲ್ಕು ಗಂಟೆಗೇ ಬಂದಿದ್ರು."

"ಯಾಕೆ?"

"ಅವರ ದೂರು ಪುಸ್ತಕ ತಗೊಂಡು! ಹನ್ನೆರಡು ವರ್ಷದಿಂದ ನಿಮ್ಮ ಬಗ್ಗೆ ಬರೆದಿಟ್ಟಿರೋ ದೂರುಗಳು. ಕನ್ನಡಿ ಜೊತೆ ಜಗಳ ಆಡೋದು, ಒಂದು ಕಾಲಿಗೆ ಗಂಡನ ಚಪ್ಪಲಿ ಹಾಕ್ಕೊಂಡು ಸನ್ಮಾನಕ್ಕೆ ಹೋಗಿದ್ದು, ಮಹಡಿ ಮೇಲೆ ನಿಂತು ಸಾಯೋ ಸೀನು ಅಭಿನಯಿಸಿ ವಾಚ್‌ಮನ್ ಕೈಲಿ ಆಂಬುಲೆನ್ಸ್ ಕರೆಸಿದ್ದು... ತಾರೀಖು ಸಮೇತ. 'ನಮ್ಮ ಕಾದಂಬರಿಗಾರ್ತಿ: ನೂರು ಸಂಗತಿಗಳು'. ಹತ್ತಕ್ಕೇ ಓದುಗರು ಮುಗಿಬಿದ್ದಿದಾರೆ, ಇನ್ನು ನೂರು ಅಂದ್ರೆ! ನಿಮ್ಮ ಸರದಿ ಅದಕ್ಕೇ ಕೊಟ್ಟೆ. ನೂರನೇದೊಂದೇ ನಂಬೋಕೆ ಆಗದೆ ಯಂತ್ರ ನಿಲ್ಲಿಸ್ಕೊಂಡಿದೀನಿ. ಕಾದಂಬರಿ ಮುಂದಿನ ವರ್ಷ ನೋಡೋಣ."

ಅವಳು ಮೇಜಿನ ಮೇಲಿದ್ದ ದೂರು ಪುಸ್ತಕದ ಪುಟ ತಿರುವಿದಳು. ಬೈಯಲೆಂದೇ ಸುಳ್ಳು ಹುಡುಕಿದಳು. ಕಣ್ಣಿಗೆ ಬಿದ್ದದ್ದು ಒಂದೂ ಸುಳ್ಳಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು, ಬರವಣಿಗೆ ಚೆನ್ನಾಗಿತ್ತು. ಅದರೊಳಗಿನ ಹೆಂಗಸಿಗೆ ಜೀವವಿತ್ತು; ತನ್ನ ಯಾವ ನಾಯಕಿಗೂ ಅಷ್ಟು ಜೀವ ಬಂದಿರಲಿಲ್ಲ.

"ಮುನ್ನುಡಿ ಒಂದು ಬಾಕಿ ಮೇಡಂ," ಎಂದು ಪ್ರಕಾಶಕರು ಪೆನ್ನು ಚಾಚಿದರು. "ನಿಮ್ಮದೇ ಆದ್ರೆ ಶೋಭೆ. ಎರಡೇ ಸಾಲು. ಬರೆದೋರ ಹೆಸರು ಹಾಕಿ ಒಂದು ಕೃತಜ್ಞತೆ, ಅಷ್ಟೇ."

ಸೋತವಳ ಹಾಗೆ ಕೂತು ಅವಳು "ಈ ಪುಸ್ತಕ ಬರೆದ ನನ್ನ ಆತ್ಮೀಯ ನೆರೆಹೊರೆಯವರಾದ" ಎಂದು ಬರೆದಳು. ಪೆನ್ನು ಅಲ್ಲಿಗೇ ನಿಂತಿತು. ಕೊನೆಗೆ ತಲೆಯೆತ್ತದೆ, ಮೆಲ್ಲಗೆ ಕೇಳಿದಳು.

"ಅವರ ಹೆಸರುಗಳೇನು?"

ಪ್ರಕಾಶಕರು ಒಳಗಿನ ಯಂತ್ರದವನಿಗೆ ಕೂಗಿ ಹೇಳಿದರು:

"ಲೋ, ಶುರು ಮಾಡೋ! ನೂರನೇ ಸಂಗತೀನೂ ನಿಜವಂತೆ!"