ಪಾಳುನಗರದಲ್ಲಿ ಬಿಟ್ಟುಬಂದ ನನ್ನ ಅತ್ತೆಯವರ ವಿಚಾರವಾಗಿ

ಒಂದೇ ಹಗಲಿನಲ್ಲಿ ಮೂರು ಕರಾವಳಿ ಪಟ್ಟಣಗಳನ್ನೂ ಒಂದು ಪುರಾತನ ನಗರವನ್ನೂ ತೋರಿಸಿ ಮುಗಿಸಬಲ್ಲ ಪ್ರವಾಸಿ ಬಸ್ಸಿನ ಮಾಲೀಕರಾದ ಮಾನ್ಯರೇ,

ತಾವು, ತಮ್ಮ ಬಸ್ಸು, ಅದರ ಹಾರ್ನು ಎಲ್ಲವೂ ಕ್ಷೇಮವೆಂದು ನಂಬಿ, ಹೊಲಿಗೆ ಅಂಗಡಿ ನಡೆಸುವ ನಾನು ಮಾಡಿಕೊಳ್ಳುವ ವಿಜ್ಞಾಪನೆ.

ಕಳೆದ ಭಾನುವಾರ ಅತ್ತೆಯವರನ್ನು ಕರೆದುಕೊಂಡು ತಮ್ಮ ಬಸ್ಸು ಹತ್ತಿದೆ. ಹಿರಿಯರೆಂದು ಅವರಿಗೆ ಮುಂದಿನ ಸೀಟನ್ನೂ, ಸೊಸೆಯೆಂಬ ಕಾರಣಕ್ಕೋ ಏನೋ ನನಗೆ ಕಟ್ಟಕಡೆಯ ಸೀಟನ್ನೂ ದಯಪಾಲಿಸಿದಿರಿ. ಮೊದಲ ಪಟ್ಟಣದ ದೀಪಸ್ತಂಭವನ್ನು ಕಿಟಕಿಯಿಂದ ಕಂಡೆವು. ಎರಡನೆಯದರ ಕೋಟೆಯೂ ಕಾಣುತ್ತಿತ್ತು, ಎದುರಿನ ಲಾರಿ ಸರಿದಿದ್ದರೆ. ಪಾಳುನಗರಕ್ಕೆ ಮಾತ್ರ ಉದಾರವಾಗಿ ಅರ್ಧ ಗಂಟೆ ಕೊಟ್ಟಿರಿ.

ಹೊರಡುವಾಗ ತಮ್ಮ ಮಾರ್ಗದರ್ಶಿಗಳು ತಲೆ ಎಣಿಸಿದರು. ಮುಂದಿನ ಸೀಟಿನಲ್ಲಿ ಅತ್ತೆಯವರ ಶಾಲು ಹೊದ್ದು ಕೂತಿದ್ದ ಚೀಲವನ್ನೂ ಒಂದು ತಲೆಯೆಂದೇ ಪರಿಗಣಿಸಿದ ಅವರ ಸಮದೃಷ್ಟಿ ದೊಡ್ಡದು. ಮೂರನೆಯ ಪಟ್ಟಣದಲ್ಲಿ ಚಿಪ್ಪಿನ ಸಾಮಾನಿನ ಅಂಗಡಿಯ ಮುಂದೆ ಇಳಿಯುವಾಗ ಶಾಲಿನೊಳಗೆ ಅತ್ತೆ ಇಲ್ಲವೆಂದು ತಿಳಿಯಿತು. ಬಸ್ಸು ತಿರುಗಿಸಿರೆಂದು ಬೇಡಿಕೊಂಡರೆ ಮಾರ್ಗದರ್ಶಿಗಳು, "ಅಂಗಡಿ ನೋಡ್ಕೊಂಡ್ ಬನ್ನಿ ಅಕ್ಕ, ವಾಪಸ್ ಹೋಗ್ತಾ ಹತ್ತಿಸ್ಕೊಳ್ಳೋಣ. ಅಷ್ಟು ಕಾಲದಿಂದ ಆ ಕಲ್ಲುಗಳೇ ಎಲ್ಲೂ ಹೋಗಿಲ್ಲ, ಅಜ್ಜಿ ಎಲ್ಲಿಗೆ ಹೋಗ್ತಾರೆ?" ಎಂದು, ಆ ಪ್ರವಾಸದಲ್ಲಿ ಇತಿಹಾಸದ ಬಗ್ಗೆ ಆಡಿದ ಒಂದೇ ಒಂದು ಮಾತನ್ನು ಆಡಿದರು.

ಮೀನಿನ ವ್ಯಾನೊಂದಕ್ಕೆ ಕೈ ಅಡ್ಡ ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ ಕೂತು ನಾನು ಪಾಳುನಗರಕ್ಕೆ ಹಿಂದಿರುಗುವಷ್ಟರಲ್ಲಿ ಕತ್ತಲಾಗಿತ್ತು. ಅತ್ತೆ ಮುರಿದ ಕಂಬದ ಬುಡದಲ್ಲಿ ಅಲ್ಲಿನ ಕಾವಲುಗಾರನ ಹೆಂಡತಿಯೊಡನೆ ಕೂತಿದ್ದರು. ಇಡೀ ನಗರ ಸುತ್ತಿ, ಸಮುದ್ರದಲ್ಲಿ ಮೊಣಕಾಲಿನವರೆಗೆ ನೆನೆದು ಬಂದಿದ್ದರು. "ಬಂದ್ಯಾ? ನಾನೇನೂ ಹೆದರಿರ್ಲಿಲ್ಲ ಬಿಡು," ಎಂದರು. ಹಾಗೆಂದು ಹಿಡಿದ ನನ್ನ ಕೈಯನ್ನು ಮನೆಯ ಬಾಗಿಲು ತೆರೆಯುವವರೆಗೆ ಬಿಡಲಿಲ್ಲ. ತಮ್ಮ ಬಸ್ಸು ಹತ್ತಿರದ ದಾರಿ ಹಿಡಿದು ಆಗಲೇ ಊರು ಸೇರಿತ್ತಂತೆ. ಚೀಲ ಮಾತ್ರ ಸುಖವಾಗಿ ಬಂದಿಳಿದಿತ್ತು.

ಬಂದವರಲ್ಲಿ ಏನನ್ನಾದರೂ ನೋಡಿದವರು ಅತ್ತೆಯವರೊಬ್ಬರೇ ಆದ್ದರಿಂದ, ಇನ್ನು ಮುಂದೆ ಎಲ್ಲ ಪ್ರಯಾಣಿಕರನ್ನೂ ಪಾಳುನಗರದಲ್ಲೇ ಮರೆತು, ಚೀಲಗಳನ್ನಷ್ಟೇ ಅಂಗಡಿಗೆ ಕರೆದೊಯ್ಯಬೇಕಾಗಿ ಪ್ರಾರ್ಥನೆ. ಹಾಗೆಯೇ ಒಮ್ಮೆ ತಮ್ಮ ತಾಯಿಯವರನ್ನೂ ಆ ಮುಂದಿನ ಸೀಟಿನಲ್ಲಿ ಕೂರಿಸಿ ಕಳುಹಿಸುವ ಕೃಪೆಯಾಗಲಿ.

ತಮ್ಮ ವಿಶ್ವಾಸಿ,
ತಮ್ಮ ಎಣಿಕೆಗೆ ಸಿಗದ ಮುದುಕಿಯ ಸೊಸೆ

ವಿ.ಸೂ.: ಪ್ರವಾಸಕ್ಕೆ ಎಷ್ಟು ನಕ್ಷತ್ರ ಕೊಡುವಿರೆಂದು ತಮ್ಮ ಕಚೇರಿಯಿಂದ ಮೊಬೈಲಿಗೆ ಸಂದೇಶ ಬಂದಿದೆ. ಅತ್ತೆಯವರನ್ನು ಕೇಳಿದೆ. "ಅಲ್ಲಿ ಕೂತು ಎಲ್ಲಾ ನಕ್ಷತ್ರ ಎಣಿಸಿ ಬಂದಿದೀನಿ, ಅವ್ರ ಪಾಲಿಂದು ಒಂದೂ ಇರ್ಲಿಲ್ಲ ಅಂತ ಬರಿ," ಎಂದರು.