ಬಸ್ಸು ಹತ್ತದ ನಮ್ಮ ಮೈದುನ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ನಮ್ಮ ಮೈದುನನನ್ನು ನೀವು ಕಂಡಿದ್ದರೆ ಕಿಸೆಗಳ್ಳ ಎಂದೇ ತಿಳಿದಿರುತ್ತೀರಿ. ತಪ್ಪು ನಿಮ್ಮದಲ್ಲ ಬಿಡಿ! ಎರಡೆರಡು ತಾಸು ಕಂಬಕ್ಕೆ ಒರಗಿ ನಿಂತು, ಯಾವ ಬಸ್ಸನ್ನೂ ಹತ್ತದೆ, ಕಂಡವರ ಕೈ, ಚೀಲ, ಚಪ್ಪಲಿಗಳನ್ನೇ ದಿಟ್ಟಿಸುವವನನ್ನು ಮತ್ತೇನೆಂದು ತಿಳಿಯಬೇಕು? ಪೊಲೀಸಪ್ಪನೂ ಹಾಗೇ ತಿಳಿದ.

“ಯಾವ ಊರಿಗೆ ಹೊಂಟೀರಿ?”

“ಎಲ್ಲಿಗೂ ಇಲ್ರೀ.”

“ಮತ್ಯಾಕ ನಿಂತೀರಿ?”

“ಮಂದಿ ಹ್ಯಾಂಗ ಕಾಯ್ತಾರ ಅಂತ ನೋಡಾಕತ್ತೀನ್ರಿ.”

ಆಮೇಲೆ ನನಗೆ ಫೋನು. ಆಫೀಸು ಮುಗಿಸಿ ಆಗತಾನೇ ಬಸ್ಸಿಳಿದವಳು, “ಕಳ್ಳ ಅಲ್ರೀ, ಮಾಸ್ತರ. ನಮ್ಮ ಮನಿಯವರ ತಮ್ಮ” ಎಂದು ಸಾಕ್ಷಿ ನುಡಿದು ಬಿಡಿಸಿಕೊಂಡು ಬಂದೆ. ದಾರಿಯಲ್ಲಿ ಪುಣ್ಯಾತ್ಮ ಏನೆಂದ ಗೊತ್ತೆ? “ವೈನಿ, ಆ ಪೊಲೀಸಪ್ಪ ನಿಂದ್ರೂ ಜಾಗ ಭಾಳ ಚಲೋ ಆರಿಸ್ಯಾನ. ನೆರಳೂ ಐತಿ, ಎಲ್ಲಾ ಬಸ್ಸೂ ಕಾಣ್ತಾವ.”

ಕಾಲೇಜಿನಲ್ಲಿ ಅವನು ಕಲಿಸುವುದು ಡಿಸೈನ್ ಥಿಂಕಿಂಗ್. ಏನನ್ನಾದರೂ ಕಟ್ಟುವ ಮೊದಲು ಬಾಯಿ ಮುಚ್ಚಿಕೊಂಡು ಜನರನ್ನು ನೋಡಬೇಕಂತೆ. ಬಾಯಿ ಮುಚ್ಚುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಅವನು ಮಾಡುತ್ತಾನೆ. ಹೆಣ್ಣು ನೋಡಲೆಂದು ಗುರುಗುಂಟಾಕ್ಕೆ ಕರೆದುಕೊಂಡು ಹೋದರೆ, ಹುಡುಗಿಯನ್ನು ಕೇಳಿದ ಒಂದೇ ಪ್ರಶ್ನೆ: “ಅಡಿಗಿ ಕಟ್ಟಿ ಇಷ್ಟು ಎತ್ತರ ಯಾರು ಕಟ್ಟಿಸ್ಯಾರ್ರೀ? ನಿಮ್ಮವ್ವಗ ಭುಜ ನೋಯಂಗಿಲ್ಲ?” ಹುಡುಗಿಯ ಅಪ್ಪ ನಮ್ಮತ್ತೆಯ ಕಡೆ ತಿರುಗಿದ. “ನಿಮ್ಮ ಹುಡುಗ ನಮ್ಮ ಹುಡುಗಿ ನೋಡಾಕ ಬಂದಾನೋ, ಕಟ್ಟಿ ನೋಡಾಕೋ?” ಸಂಬಂಧ ಅಲ್ಲಿಗೆ ಮುಗಿಯಿತು. ಕಟ್ಟೆಯನ್ನು ಮಾತ್ರ ಅವರು ಇಳಿಸಿ ಕಟ್ಟಿಸಿದರಂತೆ!

ನೋಡುವುದು ಅವನಿಗೆ ಕೆಲಸ. ನನಗೋ ನೋಡಿ ನೋಡಿ ಸಾಕಾಗಿದೆ. ಹದಿನಾಲ್ಕು ವರ್ಷದಿಂದ ದಿನಾ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸೂಗೂರು, ಸಂಜೆ ಅದೇ ದಾರಿ ಹಿಡಿದು ವಾಪಸು. ಆಫೀಸಿನಲ್ಲಿ ಹೆಂಗಸರೆಂದರೆ ನಾನು ಮತ್ತು ಕಸ ಗುಡಿಸುವ ಮಲ್ಲಮ್ಮ, ಇಬ್ಬರೇ. ನಮ್ಮ ಪಾಯಖಾನೆಯ ಬಾಗಿಲಿಗೆ ಒಳಗೆ ಚಿಲಕವಿಲ್ಲ. ಅದಕ್ಕೇ ಬೆಳಗ್ಗೆ ಎರಡು ಗುಟುಕು ಚಹಾ ಕುಡಿದು ಹೊರಟವಳು ಸಂಜೆ ಮನೆ ಮುಟ್ಟುವ ತನಕ ನೀರು ಕುಡಿಯುವುದಿಲ್ಲ. ಎರಡು ಸಲ ಉರಿಮೂತ್ರವಾಗಿ ಜ್ವರ ಬಂದು ಮಲಗಿದೆ. “ಇನ್ನೊಮ್ಮೆ ಆದ್ರ ಕಿಡ್ನಿಗೆ ಕುತ್ತು. ನೀರು ಕುಡೀರಿ” ಎಂದರು ಡಾಕ್ಟರಮ್ಮ. ಕುಡಿಯಬಹುದು ತಾಯಿ, ಕುಡಿದ ಮೇಲೆ? ಚಿಲಕಕ್ಕೆ ಅರ್ಜಿ ಕೊಟ್ಟೆ. ‘ಪರಿಶೀಲಿಸುವುದು’ ಎಂದು ಬರೆಸಿಕೊಂಡು ಅದು ಫೈಲು ಸೇರಿತು. ಎಂಟು ಗಂಡಸರ ನಡುವೆ ಎರಡನೇ ಸಲ ಕೇಳಲು ನಾಲಿಗೆ ಏಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಏನಂತ ಹೇಳುವುದು?

ಈ ವರ್ಷ ಅವನ ಕಾಲೇಜಿನ ಹುಡುಗರಿಗೆ ಜಪಾನಿನ ಕಾಲೇಜೊಂದರ ಹುಡುಗರು ಕಂಪ್ಯೂಟರಿನಲ್ಲೇ ಜೊತೆಯಾದರು. ಅವರು ಅಲ್ಲಿಯ ನಿಲ್ದಾಣಗಳನ್ನು ನೋಡಿ ಬರೆಯಬೇಕು, ಇವರು ಇಲ್ಲಿಯವನ್ನು. ಅಲ್ಲಿ ರೈಲಿಗೆ ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೇ ಗೆರೆ ಎಳೆದಿರುತ್ತಾರಂತೆ. ಅದಕ್ಕೆ ಉತ್ತರವಾಗಿ ನಮ್ಮವರು ಕಳಿಸಿದ್ದು ಟವೆಲ್! ಕಿಟಕಿಯಿಂದ ಟವೆಲ್ ಎಸೆದರೆ ಸೀಟು ಎಸೆದವರದು, ಯಾರೂ ಮುಟ್ಟುವುದಿಲ್ಲ. ಟವೆಲ್ಲಿಗಿರುವ ಮರ್ಯಾದೆ ಬೇರೆ ವಸ್ತುಗಳಿಗೂ ಉಂಟೋ ಎಂದು ಪರೀಕ್ಷಿಸಲು ನಮ್ಮ ಮೈದುನ ಎಸೆದದ್ದೇನು? ಒಂದು ತಿಂಗಳು ನೋಡಿದ್ದೆಲ್ಲ ಬರೆದಿಟ್ಟ ನೋಟ್‌ಬುಕ್ಕು! ಎಸೆದು, ಯಾರು ಏನು ಮಾಡುತ್ತಾರೆಂದು ದೂರದಿಂದ ನೋಡುತ್ತ ನಿಂತ. ಬಸ್ಸು ಹೊರಟೇಹೋಯಿತು. ಮತ್ತೆ ನಾನೇ ಗುರುತಿನ ಕಂಡಕ್ಟರಿಗೆ ಫೋನು ಮಾಡಬೇಕಾಯಿತು.

“ಐತ್ರೀ ಅಕ್ಕ, ಯಾರೂ ಮುಟ್ಟಿಲ್ಲ. ಮಂದಿ ನಿಂತು ಹೋಗ್ಯಾರ, ನಿಮ್ಮ ಪುಸ್ತಕ ತುರ್ವಿಹಾಳತನಕ ಕುಂತು ಹೋಗೇತಿ” ಎಂದ ಅವನು.

ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನನ್ನೂ ಹಿಡಿದ. “ವೈನಿ, ದಿನಾ ಅಡ್ಡಾಡ್ತೀರಿ. ನಿಮಗ ತ್ರಾಸ ಏನೈತಿ ಹೇಳ್ರಿ.”

“ಏನಿಲ್ಲೋ ತಮ್ಮಾ, ನೀ ರೊಟ್ಟಿ ತಿನ್ನು” ಎಂದೆ.

ಮರುವಾರ ಅವನ ಕಾಲೇಜಿನ ಇಬ್ಬರು ಹುಡುಗಿಯರು ನೋಟ್‌ಬುಕ್ಕು ಹಿಡಿದು ನಮ್ಮ ಆಫೀಸಿನ ಪಡಸಾಲೆಯಲ್ಲೇ ಬಂದು ಕೂತರು! ಸರ್ಕಾರಿ ಕೆಲಸಕ್ಕೆ ಬಂದವರು ಹೇಗೆ ಕಾಯುತ್ತಾರೆಂದು ನೋಡಬೇಕಂತೆ. ಮಧ್ಯಾಹ್ನ ಒಬ್ಬಳು ಮೆಲ್ಲಗೆ ಬಂದು, “ಮೇಡಂ, ಬಾತ್‌ರೂಮ್ ಎಲ್ಲೈತ್ರಿ?” ಎಂದಳು. ಕರೆದುಕೊಂಡು ಹೋಗಿ, ಹೊರಗಿನಿಂದ ಬಾಗಿಲು ಹಿಡಿದು ನಿಂತೆ. ಹೊರಬಂದವಳು ಕೇಳಿದಳು, “ನಿಮಗ ಯಾರು ಹಿಡೀತಾರ್ರೀ?”

“ನನಗ ಬೇಕಾಗೂದಿಲ್ಲವ್ವಾ. ನಾ ನೀರೇ ಕುಡಿಯೂದಿಲ್ಲ.”

ನಗುತ್ತಲೇ ಹೇಳಿದೆ. ಹುಡುಗಿ ನಗಲಿಲ್ಲ, ಕೂತು ಬರೆದುಕೊಂಡಳು. ಅಯ್ಯೋ, ಇನ್ನು ಜಪಾನಿಗೂ ಗೊತ್ತಾಗುತ್ತದಲ್ಲ!

ಶನಿವಾರ ನಮ್ಮ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಎಲ್ಲರೂ ಕೂತರು. ಪರದೆಯ ಮೇಲೆ ಜಪಾನಿನ ಹುಡುಗರು, ಚಾಪೆಯ ಮೇಲೆ ನಮ್ಮವರು. ಚಹಾದ ತಟ್ಟೆ ಹಿಡಿದು ನಾನು ಅಡುಗೆಮನೆಯ ಬಾಗಿಲಲ್ಲಿ ಜೀವ ಬಿಗಿಹಿಡಿದು ನಿಂತಿದ್ದೆ. ಟವೆಲ್ ಆಯಿತು, ನೋಟ್‌ಬುಕ್ಕಿನ ಪ್ರಯಾಣ ಆಯಿತು, ಎಲ್ಲರೂ ನಕ್ಕರು. ಆ ಹುಡುಗಿಯ ಸರದಿ ಬಂತು. ನಮ್ಮ ಮೈದುನ ಅವಳ ಹಾಳೆಯನ್ನು ಮೊದಲು ತಾನೇ ಓದಿಕೊಂಡ. ತಲೆಯೆತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹಾಳೆಯನ್ನು ಮಡಚಿ ಕಿಸೆಗಿಟ್ಟುಕೊಂಡು, “ಇದು ತೋರಸೂದಲ್ಲವ್ವಾ, ಮಾಡೂದು” ಎಂದ. ಮುಂದಿನವರನ್ನು ಕರೆದ.

ಬದುಕಿದೆಯಾ ಬಡಜೀವವೇ ಎಂದು ಚಹಾ ಕೊಟ್ಟೆ.

ಸೋಮವಾರ ಆಫೀಸಿಗೆ ಹೋದರೆ ಮಲ್ಲಮ್ಮ ಬಾಗಿಲಲ್ಲೇ ಕೈ ಹಿಡಿದು ಹಿಂದಕ್ಕೆ ಎಳೆದೊಯ್ದಳು. ಬಾಗಿಲ ಒಳಗೆ ಹೊಳೆಯುವ ಹೊಸ ಚಿಲಕ.

“ನಿನ್ನಿ ರವಿವಾರ ನಾ ಕಸ ಹೊಡಿಯಾಕ ಕೀಲಿ ತಗದಾಗ ನಿಮ್ಮ ಮೈದುನ ಬಂದಿದ್ದನ್ರೀ ಅಕ್ಕ. ತಾನೇ ಕುಂತು ಹಾಕ್ಯಾನ. ನನ್ನ ಒಳಗ ನಿಂದ್ರಿಸಿ ಚಿಲಕ ಹಾಕ್ಸಿ, ಹೊರಗಿಂದ ಭುಜ ಕೊಟ್ಟು ನೂಕಿ ನೂಕಿ ನೋಡಿದ. ಹತ್ತು ಸಲ ನೂಕ್ಯಾನ್ರೀ! ‘ಸಾಕೋ ಯಪ್ಪಾ, ಗಟ್ಟಿ ಐತಿ’ ಅಂದ್ರ, ‘ನಿಲ್ಲವ್ವಾ, ನಮ್ಮ ವೈನಿಗೆ ಒಳಗಿದ್ದಾಗ ಅಂಜಿಕಿ ಬರಬಾರ್ದು’ ಅಂದ.”

ಕಣ್ಣು ತುಂಬಿ ಬಂತು, ಮಲ್ಲಮ್ಮನ ಎದುರಿಗೇ ಸೆರಗಿನಿಂದ ಒರೆಸಿಕೊಂಡೆ. ಆಮೇಲೆ ಒಳಗೆ ಹೋಗಿ, ಎಂಟು ಗಂಡಸರೂ ನೋಡುತ್ತಿದ್ದಂತೆ, ಮೂಲೆಯ ಹೂಜಿಯಿಂದ ಒಂದಲ್ಲ, ಎರಡು ಗ್ಲಾಸು ತಣ್ಣನೆಯ ನೀರು ಬಗ್ಗಿಸಿಕೊಂಡು ಕುಡಿದೆ. ಆ ಆಫೀಸಿನಲ್ಲಿ ಬಾಯಾರಿಕೆಯಾಯಿತೆಂದು ನೀರು ಕುಡಿದದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.